ಚಿತ್ರಕ್ಕೆ ದುಡ್ಡು ಕೊಟ್ಟ ಎಲ್ಲರಿಗೂ

ಈ ತಿಂಗಳ ಖೋಲಿ ಬಾಡಿಗೆಯನ್ನು ಪೂರ್ತಿ ನಾನು ಬಿಡಿಸಿದ ಚಿತ್ರಗಳ ದುಡ್ಡಿನಲ್ಲೇ ಕಟ್ಟಿದೆ. ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಖೋಲಿಯ ಬಾಡಿಗೆ ಊರಿಗೆಲ್ಲ ಸುದ್ದಿಯೇನಲ್ಲ. ನನಗೆ ಮಾತ್ರ ಬಹಳ ದೊಡ್ಡದು. ಮಾರ್ಕರ್ ಹಿಡಿದು ಮುಖ ಬಿಡಿಸಿ ಗಳಿಸಿದ್ದು ಅದು. ಆ ದುಡ್ಡು ಕೊಟ್ಟವರಿಗೂ, ತಗೊಳ್ಳುವುದನ್ನು ನನಗೆ ಕಲಿಸಿದವರಿಗೂ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತೇನೆ. ಪಾರ್ಸೆಲ್ ಮೇಲೆ 'ಮಸಾಲೆ', 'ಸಾದಾ' ಅಂತ ಬರೆಯಲು ಅಲ್ಲಿ ಒಂದು ಕಪ್ಪು ಮಾರ್ಕರ್ ಯಾವಾಗಲೂ ಇರುತ್ತದೆ. ಮಧ್ಯಾಹ್ನದ ಊಟದ ಗಲಾಟೆ ಇಳಿದ ಮೇಲೆ ಅದರಲ್ಲೇ ಸ್ವೀಟ್ ಬಾಕ್ಸಿನ ರಟ್ಟಿನ ಮೇಲೆ ಎದುರಿಗೆ ಕೂತವರ ಮುಖ ಬಿಡಿಸುತ್ತಿದ್ದೆ. ಒಂದು ದಿನ ಧಣಿ ಹಿಂದೆ ಬಂದು ನಿಂತಿದ್ದರು. "ರಟ್ಟಿನ ಮೇಲೆ ಯಾಕೆ ಮಾರಾಯಾ? ಒಳ್ಳೆ ಕಾಗದ ತಗೊಂಡು ಬಾ" ಅಂದರು. ಅರ್ಧ ದಿನ ರಜೆ ಕೊಟ್ಟು ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ಕಳಿಸಿದರು. ಸ್ಟೇಷನರಿ ಅಂಗಡಿಗಳ ಆ ಗಲ್ಲಿಯಲ್ಲಿ ಮೊದಲ ಸಲ ಎರಡು ತುದಿಯ ಆಲ್ಕೋಹಾಲ್ ಮಾರ್ಕರ್, ಅಂದರೆ ಆಲ್ಕೋಹಾಲ್ ಬೆರೆತ ಇಂಕಿನ ಬಣ್ಣದ ಪೆನ್ನು, ಕೈಯಲ್ಲಿ ಹಿಡಿದೆ. ಒಂದು ತುದಿ ಬ್ರಷ್ಷಿನಂತೆ ಮೆತ್ತಗೆ, ಇನ್ನೊಂದು ಚಪ್ಪಟೆ. ಧಣಿಯವರೇ, ಆ ಅರ್ಧ ದಿನವನ್ನು ನಾನು ಮರೆಯುವುದಿಲ್ಲ.

ಬಣ್ಣ ಹಾಕುವುದನ್ನು ಕಲಿಸಿದವರು ನಮ್ಮ ಬಿಲ್ಡಿಂಗಿನಲ್ಲೇ ಇರುವ ಮರಾಠಿ ಡ್ರಾಯಿಂಗ್ ಸರ್. ಮಹಾರಾಷ್ಟ್ರದಲ್ಲಿ ಶಾಲೆ ಮಕ್ಕಳು ಕಟ್ಟುವ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿವೆಯಲ್ಲ, ಅವುಗಳಿಗೆ ಪಾಠ ಹೇಳುವವರು. ಮಕ್ಕಳ ಜೊತೆ ನನ್ನನ್ನೂ ಕೂರಿಸಿಕೊಂಡರು. ಮೊದಲು ತಿಳಿ ಬಣ್ಣ, ಅದು ಹಸಿ ಇರುವಾಗಲೇ ಪಕ್ಕದ ಬಣ್ಣ, ಕಡೆಗೆ ಗಾಢ. ಒಣಗಿದ ಮೇಲೆ ಕೈ ಹಾಕಿದರೆ ಪಟ್ಟೆ ಪಟ್ಟೆ ಕಾಣುತ್ತದೆ. ರಬ್ಬರ್ ಹಾಕಿ ಅಳಿಸುವ ಮಾತೇ ಇಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಇದೇ ಮುಂಬಯಿಯ ಜೆ. ಜೆ. ಆರ್ಟ್ ಸ್ಕೂಲಿನಲ್ಲಿ ಕಲಿತು, ಅಲ್ಲೇ ಕಲಿಸಿದವರು ಅಂತ ನನಗೆ ಹೇಳಿದ್ದೂ ಈ ಸರ್. ನಮ್ಮ ಕಡೆಯ ದೊಡ್ಡ ಕಲಾವಿದರ ಬಗ್ಗೆ ಮರಾಠಿಯಲ್ಲಿ ಕೇಳಿ ತಿಳಿದೆ. ಹೆಬ್ಬಾರರ ಗೆರೆ ನೋಡಿದ ಮೇಲೆ ಕಣ್ಣು, ಮೂಗನ್ನು ಬಿಡಿಬಿಡಿಯಾಗಿ ನೋಡುವುದನ್ನು ಬಿಟ್ಟೆ.

ರೇಟ್ ಹೇಳಲು ಕಲಿಸಿದ್ದು ದಕ್ಷಿಣ ಮುಂಬಯಿಯ ಕಾಲಾಘೋಡಾ. ಅಲ್ಲಿನ ಜಹಾಂಗೀರ್ ಆರ್ಟ್ ಗ್ಯಾಲರಿಯ ಹೊರಗಿನ ಫುಟ್‌ಪಾತಿನಲ್ಲಿ ದಾರಿಹೋಕರನ್ನು ಕೂರಿಸಿಕೊಂಡು ಮುಖ ಬಿಡಿಸುವ ಕಲಾವಿದರಿರುತ್ತಾರೆ. ಅವರಲ್ಲಿ ಹಿರಿಯರೊಬ್ಬರ ಪಕ್ಕ ಭಾನುವಾರಗಳಂದು ಸುಮ್ನೆ ನಿಂತು ನೋಡುತ್ತಿದ್ದೆ. ನನ್ನ ಚಿತ್ರದ ಪುಸ್ತಕ ತಿರುವಿ ಹಾಕಿ ಅವರು ಹೇಳಿದ್ದು ಇಷ್ಟೇ: ಕೂರಿಸುವ ಮೊದಲೇ ರೇಟ್ ಹೇಳು, ಹೇಳುವಾಗ ನೆಲ ನೋಡಬೇಡ. ಈಗ ಎ4ಗೆ 800 ರೂಪಾಯಿ, ಎ3ಗೆ 1,500 ಅಂತ ಎದುರಿನವರ ಮುಖ ನೋಡಿಯೇ ಹೇಳುತ್ತೇನೆ. ಅದು ಅವರ ಪುಣ್ಯ.

ಇನ್ನು ನಮ್ಮ ಭಟ್ರ ಚಿತ್ರದ ವಿಷಯ. ಇದನ್ನು ಸ್ವಲ್ಪ ಜಾಸ್ತಿ ಹೇಳಲೇಬೇಕು.

ಅಡಿಗೆಮನೆಯ ಹಿರಿ ಭಟ್ರು ಕೆಲಸ ಬಿಟ್ಟು ಊರಿಗೆ ಹೊರಟಾಗ ಹುಡುಗರೆಲ್ಲ ಸೇರಿ ಅವರ ಚಿತ್ರ ಬೇಕು ಅಂದರು. ಭಟ್ರು ಅಂದರೆ ಇಡ್ಲಿ ಹಬೆ. ಮುಚ್ಚಳ ತೆಗೆದ ಕೂಡಲೇ ಕನ್ನಡಕ ಮಂಜಾಗುತ್ತದೆ, ಹಣೆ ಹೊಳೆಯುತ್ತದೆ. ಮಾರ್ಕರಿನಲ್ಲಿ ಆ ಹೊಳಪು ತರಬೇಕಾದರೆ ಅಷ್ಟು ಜಾಗದಲ್ಲಿ ಕಾಗದವನ್ನು ಖಾಲಿ ಬಿಡಬೇಕು. ಆಮೇಲೆ ಬಿಳಿ ಜೆಲ್ ಪೆನ್ನಿನಲ್ಲಿ ಚುಕ್ಕಿ ಇಡಬಹುದು, ಆದರೆ ಒದ್ದೆ ಹಣೆಯ ಬೆಳಕು ಅದರಲ್ಲಿ ಬರುವುದಿಲ್ಲ. ಬಲ ಹುಬ್ಬಿನ ಮೇಲೆ ಒಂದು ಬಿಳಿ ಪಟ್ಟೆ, ಕನ್ನಡಕದ ಕೆಳಗಿನ ಅಂಚಿಗೆ ತೆಳು ಬೂದು, ವಿಭೂತಿ ಅರ್ಧ ಬೆವರಿಗೆ ಅಳಿಸಿದ ಹಾಗೆ. ಭಟ್ರು ಬಹಳ ಹೊತ್ತು ನೋಡಿ, "ಒಲೆ ಹತ್ತಿರ ನಾನು ಹೀಗೇ ಇರ್ತೇನಾ?" ಅಂತ ಕೇಳಿದರು. ಫ್ರೇಮನ್ನು ಟವೆಲಿನಲ್ಲಿ ಸುತ್ತಿ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಊರಿಗೆ ಹೋದರಂತೆ.

ಆ ಹುಡುಗರ ಹತ್ತಿರ ದುಡ್ಡು ತಗೊಳ್ಳಲು ನನಗೆ ಮನಸ್ಸಿರಲಿಲ್ಲ. ಟೇಬಲ್ ಒರೆಸುವವ, ಲೋಟ ತೊಳೆಯುವವ, ಎಲ್ಲರೂ ಟಿಪ್ಸಿನಿಂದ ತೆಗೆದು ಕೂಡಿಸಿದ್ದು. "ಭಟ್ರಿಗೆ ನಾವು ಕೊಡೋದು ಇದು, ಪುಕ್ಕಟೆ ಆದ್ರೆ ಅದು ನೀವು ಕೊಟ್ಟಂಗೆ ಆಗ್ತದೆ ಅಣ್ಣ" ಅಂದ ಗದಗದ ಹುಡುಗ. ಎಷ್ಟು ಸರಿಯಾದ ಮಾತು ಅಲ್ವಾ! ತಗೊಂಡೆ. ಚಿತ್ರಕ್ಕೆ ನನಗೆ ಸಿಕ್ಕ ಮೊದಲ ದುಡ್ಡು ಆ ಹತ್ತು, ಇಪ್ಪತ್ತರ ನೋಟುಗಳು. ಹುಡುಗರೇ, ನಿಮ್ಮ ಋಣ ದೊಡ್ಡದು.

ಅಲ್ಲಿಂದ ಬಾಯಿಂದ ಬಾಯಿಗೆ ಹೋಯಿತು. ಮಾಟುಂಗದ ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮ ಮುಗಿಸಿ ಕಾಫಿಗೆ ಬಂದ ಅಕ್ಕಂದಿರು ಹೋಟೆಲಿನ ಗೋಡೆಯ ಮೇಲಿನ ನನ್ನ ಬೇರೆ ಚಿತ್ರ ನೋಡಿ ಮೊಮ್ಮಕ್ಕಳ ಫೋಟೊ ಕಳಿಸಿದರು. ಒಬ್ಬರೂ ಚೌಕಾಸಿ ಮಾಡಲಿಲ್ಲ. ಕಿಂಗ್ಸ್ ಸರ್ಕಲಿನ ಫ್ರೇಮ್ ಅಂಗಡಿಯ ಚಾಚಾ ಪ್ರತಿ ಚಿತ್ರಕ್ಕೂ ಗಾಜು ತಾಗದ ಹಾಗೆ ಸುತ್ತಲೂ ರಟ್ಟಿನ ಮೌಂಟ್ ಹಾಕಿಕೊಡುತ್ತಾರೆ. ಮಳೆಗಾಲದಲ್ಲಿ ಮುಂಬಯಿಯ ಗಾಳಿಗೆ ಕಾಗದ ಎಷ್ಟು ತೇವ ಹೀರುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಊರಲ್ಲಿರುವ ಅಮ್ಮನಿಗೆ ಏನು ಹೇಳಲಿ? ಅವರು ಒಂದು ಸಲವೂ "ಇದರಿಂದ ಹೊಟ್ಟೆ ತುಂಬುತ್ತದಾ" ಅಂತ ಕೇಳಿದವರಲ್ಲ.

ಚಿತ್ರ ತಗೊಂಡವರಲ್ಲಿ ಒಂದು ವಿನಂತಿ. ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಈ ಇಂಕು ಬೆಳಕಿಗೆ ಮಾಸುತ್ತದೆ. ಚೌತಿಗೆ ಬೇಕು ಅಂದವರ ಚಿತ್ರಗಳು ಮುಗಿಯುತ್ತಾ ಬಂದಿವೆ. ದೀಪಾವಳಿಗೆ ಬೇಕಾದವರು ಈಗಲೇ ಹೇಳಿ. ಕಿಟಕಿ ಪಕ್ಕ ಕೂರಿಸಿ ತೆಗೆದ ಫೋಟೊ ಕಳಿಸಿ, ಫಿಲ್ಟರ್ ಹಾಕಬೇಡಿ. ಮುಖದ ಗೆರೆಗಳೆಲ್ಲ ನನಗೆ ಬೇಕು.