ಗ್ರಂಥಾಲಯದ ಮುಂದೆ ಸರ್ ಎಂ.ವಿ. ಪುತ್ಥಳಿ: ದೇಣಿಗೆ ಮನವಿ

ಕಾಲೇಜಿನ ಹಳೆ ವಿದ್ಯಾರ್ಥಿಗಳಿಗೂ ಬಾಗಲಕೋಟೆಯ ಎಲ್ಲ ಬಂಧುಗಳಿಗೂ ನಮಸ್ಕಾರ.

ನಮ್ಮ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಕಂಚಿನ ಪುತ್ಥಳಿ ಸ್ಥಾಪಿಸಬೇಕು ಅಂತ ಹಳೆ ವಿದ್ಯಾರ್ಥಿಗಳ ಸಂಘ ತೀರ್ಮಾನಿಸಿದೆ. ಅದಕ್ಕೆ ನಿಮ್ಮೆಲ್ಲರ ನೆರವು ಬೇಕು.

ವಿಶ್ವೇಶ್ವರಯ್ಯ ಅಂದ ಕೂಡಲೇ ಎಲ್ಲರಿಗೂ ಅಣೆಕಟ್ಟು ನೆನಪಾಗುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದವರಿಗೆ ಅಣೆಕಟ್ಟಿನ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನಾವು ನೆನೆಯಲು ಹೊರಟಿರುವುದು ವಿಶ್ವವಿದ್ಯಾಲಯ ಕಟ್ಟಿಸಿದ ದಿವಾನರನ್ನು.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಆಗ ಮೈಸೂರು ಸಂಸ್ಥಾನದ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾಲಯದ ಕೈಕೆಳಗಿದ್ದವು. ಪರೀಕ್ಷೆ ಅಲ್ಲಿಯದು, ಪದವಿಯೂ ಅಲ್ಲಿಯದೇ. ನಮ್ಮ ಮಕ್ಕಳಿಗೆ ನಮ್ಮದೇ ವಿಶ್ವವಿದ್ಯಾಲಯ ಬೇಕು ಅಂತ ಅವರು ಪಟ್ಟು ಹಿಡಿದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಬೆನ್ನಿಗೆ ನಿಂತರು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ಮರುವರ್ಷವೇ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂತು.

ಆಗ ನಮ್ಮ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಈ ಕಡೆಯವರು ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ 1949ರವರೆಗೆ ಕಾಯಬೇಕಾಯಿತು. 1998ರಲ್ಲಿ ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ಬಂದಾಗ ಅದಕ್ಕೆ ಇಟ್ಟಿದ್ದು ವಿಶ್ವೇಶ್ವರಯ್ಯನವರ ಹೆಸರನ್ನೇ. ನಮ್ಮ ಹುಡುಗ ಹುಡುಗಿಯರ ಡಿಗ್ರಿ ಸರ್ಟಿಫಿಕೇಟಿನ ಮೇಲೂ ಆ ಹೆಸರಿದೆ. ಆ ಹೆಸರಿನ ಹಿಂದಿನ ಮನುಷ್ಯ ಅವರಿಗೆ ಗೊತ್ತಿರಬೇಕು, ಅಲ್ವಾ?

ಆಳೆತ್ತರದ ವಿಗ್ರಹದ ಮಾತೂ ಬಂದಿತ್ತು. ಕೊನೆಗೆ ಎದೆಮಟ್ಟದ ಪುತ್ಥಳಿ ಸಾಕು ಅಂತ ಎಲ್ಲರೂ ಒಪ್ಪಿದರು. ಮಣ್ಣಿನ ಮಾದರಿ ಈಗಾಗಲೇ ಸಿದ್ಧವಾಗಿದೆ. ಮೈಸೂರು ಪೇಟದ ಒಂದೊಂದು ನೆರಿಗೆಯನ್ನೂ ಶಿಲ್ಪಿ ಬಿಡಿಸಿ ತೋರಿಸಿದ್ದಾರೆ. ಕೋಟಿನ ಕಾಲರು, ಬಿಗಿಯಾಗಿ ಕೂಡಿದ ತುಟಿ, ನೆಟ್ಟ ನೋಟ ಚೆನ್ನಾಗಿ ಬಂದಿವೆ. ಪೀಠಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟ್. ನಮ್ಮ ಜಿಲ್ಲೆಯಲ್ಲೇ ಇಷ್ಟು ಒಳ್ಳೆ ಕಲ್ಲು ಇರುವಾಗ ಬೇರೆ ಕಡೆ ಹುಡುಕುವುದೇಕೆ? ಪುತ್ಥಳಿ ಗೇಟಿನ ಹತ್ತಿರ ಇರುವುದಿಲ್ಲ. ಮಕ್ಕಳು ದಿನಾ ಓಡಾಡುವ ಗ್ರಂಥಾಲಯದ ಬಾಗಿಲ ಪಕ್ಕದಲ್ಲಿರುತ್ತದೆ.

ಚಿಕ್ಕ ಪುತ್ಥಳಿ ಆರಿಸಿದ್ದಕ್ಕೆ ಕಾರಣವಿದೆ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದವರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಅಂಥವರ ಹೆಸರಿನಲ್ಲಿ ರೊಕ್ಕ ಕೂಡಿಸಿ ಎಲ್ಲವನ್ನೂ ಕಂಚಿಗೇ ಸುರಿಯುವುದು ನಮಗೆ ಸರಿ ಕಾಣಲಿಲ್ಲ. ಉಳಿದ ಹಣ ಫೀ ಕಟ್ಟಲಾಗದ ವಿದ್ಯಾರ್ಥಿಗಳ ನಿಧಿಗೆ ಹೋಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳಿಗೆ ಮೊದಲ ಆದ್ಯತೆ.

ನೂರು ರೂಪಾಯಿ ಕೊಟ್ಟರೂ ಸಂತೋಷ, ಜಾಸ್ತಿ ಕೊಟ್ಟರೂ ಸಂತೋಷ. ಕೆಲಸದ ದಿನಗಳಲ್ಲಿ ಕಾಲೇಜು ಕಚೇರಿಗೆ ಬಂದು ಸಂಘದ ಹೆಸರಿಗೆ ಚೆಕ್ ಅಥವಾ ನಗದು ಕೊಡಬಹುದು. ರಸೀದಿ ಕೇಳಿ ಪಡೆಯಿರಿ. ಪೀಠದ ಕಲ್ಲಿನ ಮೇಲೆ ದಾನಿಗಳ ಹೆಸರು ಕೆತ್ತಿಸುವುದಿಲ್ಲ, ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ಎಲ್ಲರ ಹೆಸರನ್ನೂ ಬರೆದಿಡುತ್ತೇವೆ. ಖರ್ಚಿನ ಲೆಕ್ಕ ಸೂಚನಾ ಫಲಕದಲ್ಲಿರುತ್ತದೆ. ಸೆಪ್ಟೆಂಬರ್ 15, ಎಂಜಿನಿಯರ್‌ಗಳ ದಿನದಂದೇ ಅನಾವರಣ ಮಾಡುವ ಆಸೆ ನಮ್ಮದು. ಎರಕದ ಕೆಲಸಕ್ಕೆ ಮುಂಗಡ ಕೊಡಬೇಕಿದೆ, ಹಾಗಾಗಿ ದಯವಿಟ್ಟು ಈ ತಿಂಗಳೊಳಗೇ ಕೊಡಿ.