ಕಠ್ಮಂಡು ಚೌಕಕ್ಕೆ ಹೊರಟ ಮಗಳಿಗೊಂದು ಪತ್ರ

ಮಡಿಕೇರಿ

ಪ್ರೀತಿಯ ಮಗಳೇ,

ದಸರಾ ರಜೆಗೆ ಮನೆಗೆ ಬರುವುದು ಬಿಟ್ಟು ಕಠ್ಮಂಡುವಿಗೆ ಹೊರಟಿದ್ದೀಯ. ಇರಲಿ, ಇಲ್ಲಿನ ಮಂಟಪಗಳು ಮುಂದಿನ ವರ್ಷವೂ ಹೊರಡುತ್ತವೆ. ಅಲ್ಲಿನ ಹಳೆಯ ಅರಮನೆ, ಗುಡಿಗಳಿರುವ ಹನುಮಾನ್ ಢೋಕಾ ದರ್ಬಾರ್ ಚೌಕಕ್ಕೆ ಅರ್ಧ ದಿನವಾದರೂ ಕೊಡು.

ಮೊದಲು ಕಾಗದಪತ್ರ. ವೀಸಾ ಬೇಡ, ಆದರೆ ವಿಮಾನಕ್ಕೆ ಆಧಾರ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು. ಚೌಕದ ಟಿಕೆಟ್ ಕೌಂಟರಿನಲ್ಲೂ ಅದನ್ನೇ ತೋರಿಸು, ನಮ್ಮಂಥ ಸಾರ್ಕ್ (ದಕ್ಷಿಣ ಏಷ್ಯಾ ಒಕ್ಕೂಟ) ದೇಶದವರಿಗೆ ದರ ಬಹಳ ಕಮ್ಮಿ. ಟಿಕೆಟ್ಟನ್ನು ಹೊರಬರುವ ತನಕ ಜೋಪಾನ ಮಾಡು. ನಮ್ಮ 1 ರೂಪಾಯಿಗೆ ಅವರ 1.60. ಅಂಗಡಿಯವರು ಬೆಲೆ ಹೇಳಿದಾಗ ‘ಐಸಿ’ಯೋ ‘ಎನ್‌ಸಿ’ಯೋ ಕೇಳಿಕೋ: ಐಸಿ ಅಂದರೆ ಭಾರತದ್ದು, ಎನ್‌ಸಿ ಅಂದರೆ ನೇಪಾಳದ್ದು. ಗಡಿಯಾರ 15 ನಿಮಿಷ ಮುಂದಿಡು.

ಪ್ರವಾಸಿಗರ ಬಡಾವಣೆ ತಮೆಲ್‌ನಲ್ಲಿ ಉಳಿದರೆ ಟ್ಯಾಕ್ಸಿ ಹಿಡಿಯಬೇಡ. ಅಸನ್, ಇಂದ್ರ ಚೌಕ ದಾಟಿ ಮಖನ್ ಕಡೆಯಿಂದ ನಡೆದೇ ಹೋಗು. ಬೆಳಗ್ಗೆ ಬೇಗ ಹೊರಟರೆ ಊರಿನವರು ಪೂಜೆಗೆ ಬರುವ ಹೊತ್ತಿಗೆ ಸೇರುತ್ತೀಯ; ತಡವಾದರೆ ಸಿಗುವುದು ಗೈಡುಗಳು.

ಎಲ್ಲರೂ ಮೊದಲು ಕುಮಾರಿ ಘರ್‌ಗೆ, ಅಂದರೆ ದೇವಿಯೆಂದು ಪೂಜಿಸುವ ಬಾಲಕಿ ಕುಮಾರಿಯ ಮನೆಗೆ, ಓಡುತ್ತಾರೆ. ನೀನು ಹಳೆಯ ಮರದ ಮಂಟಪವಾದ ಕಾಷ್ಠಮಂಡಪಕ್ಕೆ ಹೋಗು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಅದು ಪೂರ್ತಿ ಕುಸಿಯಿತು. ಒಳಗೆ ರಕ್ತದಾನ ಶಿಬಿರ ನಡೆಯುತ್ತಿತ್ತು. ಆಮೇಲೆ ಅಗೆದು ನೋಡಿದರೆ ಅಡಿಪಾಯ ಗಟ್ಟಿಯಾಗಿಯೇ ಇತ್ತು, ಅಂದುಕೊಂಡದ್ದಕ್ಕಿಂತ ಹಳೆಯದು, 7ನೇ ಶತಮಾನದ್ದು. ಕೆಟ್ಟದ್ದು ಮೇಲೆ: ನಾಲ್ಕು ದೊಡ್ಡ ಕಂಬಗಳಲ್ಲಿ ಒಂದರ ಅಡಿಗಲ್ಲು ಹಿಂದಿನ ದುರಸ್ತಿಯಲ್ಲಿ ಕೈಬಿಟ್ಟುಹೋಗಿತ್ತು, ಕಂಬದ ಬುಡಕ್ಕೆ ಲಡ್ಡು ಹಿಡಿದಿತ್ತು. ಈಗಿರುವುದು ಮರಳಿ ಕಟ್ಟಿದ್ದು. ಒಳಗೆ ಬಿಟ್ಟರೆ ತಲೆ ಎತ್ತುವ ಮೊದಲು ಬಗ್ಗಿ ಕಂಬಗಳ ಬುಡ ನೋಡು.

ಆಮೇಲೆ ಚಾವಣಿಗಳು. ನಮ್ಮಲ್ಲಿ ಮಂಗಳೂರು ಹೆಂಚು ರೀಪಿನ ಮೇಲೆ ಕೂರುತ್ತದೆ, ಅಡಿಯಲ್ಲಿ ಗಾಳಿಯಾಡುತ್ತದೆ. ಅಲ್ಲಿ ಹಲಗೆಯ ಮೇಲೆ ಮಣ್ಣು ಹಾಸಿ, ಝಿಂಗಟಿ ಎಂಬ ಸಣ್ಣ ಹೆಂಚನ್ನು ಅದರಲ್ಲಿ ಕೂರಿಸುತ್ತಾರೆ. ಆ ಮಣ್ಣಿನಲ್ಲಿ ಬೀಜ ಮೊಳೆಯುತ್ತದೆ, ಬೇರು ಹೆಂಚನ್ನು ಎಬ್ಬಿಸುತ್ತದೆ, ನೀರು ಹಲಗೆಗಿಳಿದು ತೊಲೆಯ ತುದಿ ಕೊಳೆಯುತ್ತದೆ. ಹುಲ್ಲು ಬೆಳೆದ ಚಾವಣಿ ಫೋಟೊಗೆ ಚೆಂದ, ಕಟ್ಟಡಕ್ಕೆ ಕಂಟಕ. ಸೂರನ್ನು ಹೊತ್ತ ಓರೆ ಮರಗಳಿಗೆ ಟುಂಡಾಲ್ ಎನ್ನುತ್ತಾರೆ. ಜಗನ್ನಾಥ ಗುಡಿಯ ಟುಂಡಾಲ್‌ಗಳ ಬುಡದಲ್ಲಿರುವ ಕೆತ್ತನೆ ಕಂಡು ನಗು ಬಂದರೆ ನಕ್ಕುಬಿಡು, ಎಲ್ಲರೂ ನಗುತ್ತಾರೆ.

ಕುಮಾರಿ ಘರ್ 1757ರದ್ದು, ರಾಜ ಜಯಪ್ರಕಾಶ ಮಲ್ಲ ಕಟ್ಟಿಸಿದ್ದು. ಅಂಗಳದ ಫೋಟೊ ತೆಗೆಯಬಹುದು. ಕುಮಾರಿ ಕಿಟಕಿಗೆ ಬಂದ ಕೂಡಲೇ ಮೊಬೈಲು ಚೀಲಕ್ಕೆ ಹೋಗಬೇಕು. ಅರಮನೆಯ ನಾಸಲ್ ಚೌಕದಲ್ಲಿ ರಾಜರ ಪಟ್ಟಾಭಿಷೇಕ ನಡೆಯುತ್ತಿತ್ತು, ಕೊನೆಯದು 2001ರಲ್ಲಿ, ಜ್ಞಾನೇಂದ್ರರದು. ಗದ್ದಿ ಬೈಠಕ್ ಎಂಬ ಬಿಳಿ ಅರಮನೆ ಕಟ್ಟಡ 1908ರದ್ದು. ಯುರೋಪಿನ ನಕಲು, ಅದಕ್ಕೆ ಹೆಚ್ಚು ಹೊತ್ತು ಬೇಡ.

ತಲೇಜು ಭವಾನಿ ಗುಡಿಯನ್ನು ಮಾತ್ರ ಮರೆಯಬೇಡ. ರಾಜ ಮಹೇಂದ್ರ ಮಲ್ಲ 1564ರಲ್ಲಿ ಕಟ್ಟಿಸಿದ್ದು. ದೇವಿ ದಕ್ಷಿಣ ನೇಪಾಳದ ಸಿಮರೌನ್‌ಗಢದ ಅರಸು ಹರಿಸಿಂಹದೇವನ ಮನೆತನದ ಜೊತೆ ಬಂದಳು ಎಂದು ಅಲ್ಲಿ ನಂಬುತ್ತಾರೆ. ಆ ಮನೆತನವನ್ನು 1097ರಲ್ಲಿ ನೆಲೆಗೊಳಿಸಿದ ನಾನ್ಯದೇವ ಕರ್ಣಾಟ ವಂಶದವನು, ಮೂಲ ನಮ್ಮ ಕಡೆಯದೇ. ಜನಸಾಮಾನ್ಯರಿಗೆ ಗುಡಿ ತೆರೆಯುವುದು ವರ್ಷಕ್ಕೊಮ್ಮೆ, ಅವರ ದಸರೆಯಾದ ದಶೈನ್‌ನ ನವಮಿಯಂದು, ಹಿಂದೂಗಳಿಗೆ ಮಾತ್ರ. ನಸುಕಿನಲ್ಲೇ ಸಾಲಿಗೆ ನಿಲ್ಲು. ಹತ್ತಿರದ ಕೋಟ್ ಎಂಬ ಅಂಗಳದಲ್ಲಿ ಆಗ ಪ್ರಾಣಿಬಲಿ ನಡೆಯುತ್ತದೆ. ನೋಡಲಾಗದಿದ್ದರೆ ಆ ಕಡೆ ಹೋಗಲೇಬೇಡ.

ಅಷ್ಟಮಿಯಿಂದ ದಶಮಿಯವರೆಗೆ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಊರಿನವರು ಹಳ್ಳಿಗೆ ಹೋಗಿರುತ್ತಾರೆ. ಸಪ್ತಮಿಯ ಸಂಜೆಯೇ ಬ್ರೆಡ್ಡು, ಬಾಳೆಹಣ್ಣು, ನೀರು ತಂದಿಟ್ಟುಕೋ. ದುಡ್ಡನ್ನೂ ಆಗಲೇ ಬದಲಾಯಿಸಿಕೋ.

ನಿನ್ನ,
ಅಪ್ಪ