ಕಮಿಟ್‌ನಲ್ಲಿ ಹೆಸರು ಬಾರದವರಿಗೆ

ನಮ್ಮ ಡಾಕ್ಯುಮೆಂಟೇಶನ್ ತಂಡ ಒಂದೇ ಕೋಣೆಯಲ್ಲಿ ಕೂತು ಕೈಗೆತ್ತಿಕೊಂಡಿದ್ದ ಕೈಪಿಡಿಯ ಮರುಜೋಡಣೆ ಮುಗಿದಿದೆ. ಹೊಸ ರಚನೆ ಮುಖ್ಯ ಬ್ರಾಂಚಿಗೆ, ಅಂದರೆ ಎಲ್ಲರ ಪಾಲಿನ ಮೂಲ ಪ್ರತಿಗೆ, ಸೇರಿದೆ. ಪುಟಗಳನ್ನು ಬರೆದವರ ಹೆಸರು, ಫೈಲ್‌ಗಳ ಆವೃತ್ತಿಗಳನ್ನು ಕಾಪಾಡುವ ಗಿಟ್ ತಂತ್ರಾಂಶದ ಇತಿಹಾಸದಲ್ಲಿ ಇದ್ದೇ ಇರುತ್ತದೆ. ಯಾವ ಕಮಿಟ್‌ನಲ್ಲೂ (ಗಿಟ್‌ನಲ್ಲಿ ದಾಖಲಾದ ಬದಲಾವಣೆಯಲ್ಲೂ) ಕಾಣಿಸದ ಕೆಲಸ ಮಾಡಿದವರಿಗೆ ಈ ಬರಹ.

ಮೊದಲ ವಂದನೆ ಇಶ್ಯೂಗಳನ್ನು, ಅಂದರೆ ಪಟ್ಟಿಮಾಡಿಟ್ಟ ದೋಷ ಮತ್ತು ಕೆಲಸಗಳನ್ನು, ಮುಂಚೆಯೇ ಸೋಸಿಕೊಟ್ಟವರಿಗೆ. ಒಬ್ಬರೇ ಮನೆಯಲ್ಲಿ ಕೂತು ಮುಗಿಸಬಹುದಾದ ಅಕ್ಷರದೋಷ, ಹಳೆಯ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ಅವರು ಪಟ್ಟಿಯಿಂದ ತೆಗೆದುಹಾಕಿದರು. ಯಾವ ಪುಟ ಅಳಿಸಬೇಕು, ಒಂದೇ ವಸ್ತುವಿಗಿರುವ ಎರಡು ಹೆಸರುಗಳಲ್ಲಿ ಯಾವುದು ಉಳಿಯಬೇಕು, ಕಲಿಕೆಯ ಪಾಠ ಎಲ್ಲಿ ಮುಗಿದು ಉಲ್ಲೇಖದ ಪುಟ ಎಲ್ಲಿ ಶುರುವಾಗಬೇಕು ಎಂಬಂಥ, ಎದುರುಬದುರು ಕೂತು ವಾದಿಸಿದರೆ ಮಾತ್ರ ಬಗೆಹರಿಯುವ ಪ್ರಶ್ನೆಗಳನ್ನಷ್ಟೇ ಉಳಿಸಿದರು. ಪ್ರತಿಯೊಂದರ ಕೆಳಗೂ ಮೂರು ಸಾಲು: ಯಾವ ಓದುಗರಿಗೆ, ಯಾವ ಪುಟಗಳು, ಏನಾದರೆ ಕೆಲಸ ಮುಗಿದಂತೆ. ಈ ಮೂರನೆಯ ಸಾಲು ಇಲ್ಲದ ಇಶ್ಯೂ ಸಭೆಯಲ್ಲಿ ಅರ್ಧ ದಿನ ನುಂಗುತ್ತದೆ.

ಪ್ರಯಾಣ ನೋಡಿಕೊಂಡವರು ಆಹ್ವಾನ ಪತ್ರಗಳಲ್ಲಿ ಹೆಸರನ್ನು ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಬರೆದರು. ಅಡ್ಡಹೆಸರು, ಗಿಟ್ ಹೆಸರು ಎರಡಕ್ಕೂ ಅಲ್ಲಿ ಜಾಗವಿಲ್ಲ. ಸಭೆಯ ದಿನಾಂಕ, ಸ್ಥಳದ ಪೂರ್ಣ ವಿಳಾಸ, ಖರ್ಚು ಯಾರದು ಎಂಬುದೂ ಪತ್ರದಲ್ಲಿತ್ತು. ಟಿಕೆಟ್ ಹಣವನ್ನು ಮೊದಲು ಕೈಯಿಂದ ಹಾಕಲಾಗದವರಿಗೆ ನೇರವಾಗಿ ಟಿಕೆಟ್ಟನ್ನೇ ಕೊಂಡುಕೊಟ್ಟರು. ‘ಆಮೇಲೆ ಮರುಪಾವತಿ’ ಎಂಬ ಒಂದೇ ನಿಯಮ ಇಟ್ಟುಕೊಂಡರೆ, ಯಾರು ಬರಬಲ್ಲರು ಎಂಬುದನ್ನು ಬ್ಯಾಂಕ್ ಖಾತೆಯೇ ತೀರ್ಮಾನಿಸಿಬಿಡುತ್ತದೆ.

ನೆಟ್‌ವರ್ಕ್ ನೋಡಿಕೊಂಡವರ ಋಣ ದೊಡ್ಡದು. ಎಲ್ಲರೂ ಒಂದೇ ವೈಫೈ ಬಳಸುವಾಗ ಹೊರಗಿನ ಸರ್ವರ್‌ಗಳಿಗೆ ಸಾಮಾನ್ಯವಾಗಿ ಇಡೀ ಕೋಣೆ ಒಂದೇ ಐಪಿ ವಿಳಾಸವಾಗಿ ಕಾಣುತ್ತದೆ. ಗಿಟ್ ಕಡತಗಳನ್ನು ಇಡುವ ಗಿಟ್‌ಹಬ್ ತಾಣದ ಎಪಿಐ (ಪ್ರೋಗ್ರಾಂಗಳು ಅದರೊಡನೆ ಮಾತಾಡುವ ದಾರಿ), ಟೋಕನ್ (ಗುರುತಿನ ಕೀಲಿ) ಇಲ್ಲದ ವಿನಂತಿಗಳನ್ನು ಒಂದು ಐಪಿಗೆ ಗಂಟೆಗೆ 60ಕ್ಕೆ ನಿಲ್ಲಿಸುತ್ತದೆ. ಸ್ವಂತ ಟೋಕನ್ ಇದ್ದರೆ ಒಬ್ಬೊಬ್ಬರಿಗೂ ಗಂಟೆಗೆ 5,000 ಸಿಗುತ್ತದೆ. ಎಪಿಐ ಬಳಸಿ ಕೈಪಿಡಿಯನ್ನು ತಯಾರಿಸುವ ಬಿಲ್ಡ್ ಸ್ಕ್ರಿಪ್ಟನ್ನು ನಾಲ್ಕು ಜನ ಟೋಕನ್ ಇಲ್ಲದೆ ಓಡಿಸಿದರೂ ಆ 60 ಕ್ಷಣದಲ್ಲಿ ಖಾಲಿ. ಕೊಂಡಿ (ಲಿಂಕ್) ಪರೀಕ್ಷೆಯದೂ ಇದೇ ಕಥೆ: ಸರಿಯಾಗಿರುವ ಕೊಂಡಿಗೂ 429, ಅಂದರೆ ‘ವಿನಂತಿಗಳು ಅತಿಯಾದವು’, ಎಂಬ ಉತ್ತರ ಬರುತ್ತದೆ, ಹೊಸಬರು ತಮ್ಮ ಪುಟವೇ ಕೆಟ್ಟಿದೆ ಎಂದುಕೊಂಡು ಹುಡುಕಾಡುತ್ತಾರೆ. ಅದಕ್ಕೇ ಎಲ್ಲರಿಗೂ ಮನೆಯಲ್ಲೇ ಟೋಕನ್ ಮಾಡಿಸಿ, ಒಮ್ಮೆ ಪೂರ್ತಿ ಬಿಲ್ಡ್ ಮಾಡಿಕೊಂಡು ಬರಲು ಹೇಳಲಾಗಿತ್ತು. ಬಿಲ್ಡ್‌ಗೆ ಬೇಕಾದ ಪ್ಯಾಕೇಜ್‌ಗಳ ನಕಲು ಕೋಣೆಯಲ್ಲಿದ್ದ ಲ್ಯಾಪ್‌ಟಾಪೊಂದರಲ್ಲಿ ಸಿದ್ಧವಿತ್ತು. ಅತಿಥಿ ವೈಫೈಗಳಲ್ಲಿ ಒಂದು ಯಂತ್ರ ಇನ್ನೊಂದನ್ನು ಕಾಣದಂತೆ ತಡೆ ಇರುವುದು ಮಾಮೂಲು, ಹಾಗಾಗಿ ಸ್ವಂತ ರೂಟರ್ ಕೂಡ ತಂದಿದ್ದರು. ಪ್ರತಿ ಕುರ್ಚಿಗೊಂದು ಪ್ಲಗ್ ಪಾಯಿಂಟ್ ಸಿಗುವಷ್ಟು ಎಕ್ಸ್‌ಟೆನ್ಷನ್ ಬೋರ್ಡ್ ಹೊತ್ತು ತಂದ ಮಹಾನುಭಾವರಿಗೆ ಪ್ರತ್ಯೇಕ ನಮಸ್ಕಾರ.

ಇನ್ನು ಮರ್ಜ್ ಕಾವಲುಗಾರರು, ಅಂದರೆ ಎಲ್ಲರ ಬದಲಾವಣೆಗಳು ಒಂದುಗೂಡುವುದನ್ನು ಕಾಯ್ದವರು. ವಿಷಯಸೂಚಿಯ ಫೈಲನ್ನು ಒಬ್ಬರು ಮಾತ್ರ ಮುಟ್ಟುತ್ತಿದ್ದರು; ಉಳಿದವರು ತಮಗೆ ಬೇಕಾದ ಬದಲಾವಣೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕಿತ್ತು. ಪುಟದ ಸ್ಥಳ ಬದಲಿಸುವುದು ಒಂದು ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ), ಅದರ ಪಠ್ಯ ತಿದ್ದುವುದು ಇನ್ನೊಂದು ಎಂಬ ಅವರ ಹಟಕ್ಕೆ ಕಾರಣವಿದೆ. ಫೈಲಿನ ಹೆಸರು ಬದಲಾದದ್ದನ್ನು ಗಿಟ್ ಎಲ್ಲಿಯೂ ದಾಖಲಿಸುವುದಿಲ್ಲ, ಹಳೆಯ ಹೊಸ ಫೈಲ್‌ಗಳ ಹೋಲಿಕೆ ನೋಡಿ ಊಹಿಸುತ್ತದೆ. ಪೂರ್ವನಿಗದಿ ಮಿತಿ ಶೇ. 50. ಸ್ಥಳ ಬದಲಿಸುತ್ತ ಅರ್ಧಕ್ಕಿಂತ ಹೆಚ್ಚು ಪಠ್ಯವನ್ನೂ ತಿದ್ದಿದರೆ ಅದಕ್ಕೆ ಕಾಣುವುದು ಅಳಿಸಿದ ಒಂದು ಫೈಲ್, ಹೊಸದೊಂದು ಫೈಲ್. ಆಗ ಅದೇ ಪುಟ ತಿದ್ದುತ್ತಿದ್ದ ಪಕ್ಕದವರ ಬ್ರಾಂಚ್ (ಅವರ ಕೆಲಸದ ಪ್ರತಿ) ಮರ್ಜ್ ಆಗದೆ ನಿಲ್ಲುತ್ತದೆ. ಸಾಲಿಗೊಂದು ವಾಕ್ಯ ಎಂಬ ನಿಯಮವನ್ನೂ ಅವರು ಬಿಡಲಿಲ್ಲ. ಸ್ಥಳ ಬದಲಾದ ಪ್ರತಿ ಪುಟಕ್ಕೂ ಹಳೆಯ ವಿಳಾಸದಿಂದ ಹೊಸದಕ್ಕೆ ಮರುನಿರ್ದೇಶನ ಹಾಕುವ ಬೇಸರದ ಕೆಲಸವೂ ಅವರದೇ.

ಅನುವಾದಕರ ತಾಳ್ಮೆಗೆ ಯಾವ ಮಾತೂ ಸಾಲದು. ಮೂಲ ವಾಕ್ಯದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಅನುವಾದ ನಿರ್ವಹಿಸುವ ಗೆಟ್‌ಟೆಕ್ಸ್ಟ್ ತಂತ್ರಾಂಶ ಹಳೆಯ ಅನುವಾದಕ್ಕೆ ‘ಫಝಿ’, ಅಂದರೆ ಮತ್ತೆ ನೋಡಬೇಕು, ಎಂಬ ಗುರುತು ಹಾಕುತ್ತದೆ. ಅಂಥ ಸಾಲನ್ನು ಸಾಮಾನ್ಯವಾಗಿ ಬಳಸದೆ ಮೂಲ ಭಾಷೆಯದನ್ನೇ ತೋರಿಸಲಾಗುತ್ತದೆ. ಪುಟಗಳು ಅತ್ತಿತ್ತ ಹೋದಾಗ ಹಳೆಯ ಅನುವಾದಗಳನ್ನೆಲ್ಲ ಒಂದು ಕಡತಕ್ಕೆ ಸೇರಿಸಿ, ಗೆಟ್‌ಟೆಕ್ಸ್ಟ್‌ನದೇ ಉಪಕರಣ ಎಂಎಸ್‌ಜಿಮರ್ಜ್‌ನ ಕಂಪೆಂಡಿಯಮ್ (ಅನುವಾದ ಸಂಗ್ರಹ) ಆಯ್ಕೆ ಬಳಸಿ ಹೊಸ ಫೈಲ್‌ಗಳಿಗೆ ತುಂಬಿದರು. ಬರೀ ವಿರಾಮಚಿಹ್ನೆ ತಿದ್ದಲು ಹೊರಟವರನ್ನು ಅವರು ಗದರಿಸಿದ್ದೂ ಸರಿಯೇ.

ದೂರದಿಂದ ಸೇರಿಕೊಂಡವರ ಪರವಾಗಿ ಕೋಣೆಯಲ್ಲೊಬ್ಬರು ಮಾತಾಡುತ್ತಿದ್ದರು. ಆದ ತೀರ್ಮಾನ ಅಂದು ಸಂಜೆಯೊಳಗೆ ಇಶ್ಯೂದಲ್ಲಿ, ಕಾರಣಸಮೇತ, ಇರುತ್ತಿತ್ತು. ಸಮಯಗಳೆಲ್ಲ ಯುಟಿಸಿಯಲ್ಲಿ, ಅಂದರೆ ಎಲ್ಲ ದೇಶಗಳಿಗೂ ಒಂದೇ ಆದ ಜಾಗತಿಕ ಸಮಯದಲ್ಲಿ.

ಕೊನೆಯ ಮಧ್ಯಾಹ್ನ ಹೊಸ ಬ್ರಾಂಚ್ ಬೇಡ, ಪರಿಶೀಲನೆ ಮಾತ್ರ ಎಂದು ಪರಿಶೀಲಕರು ಬಾಗಿಲು ಹಾಕಿದರು. ಊರಿಗೆ ಹೋಗಿ ಮುಗಿಸುತ್ತೇನೆ ಎಂದ ಪುಲ್ ರಿಕ್ವೆಸ್ಟ್ ತಿಂಗಳುಗಟ್ಟಲೆ ತೆರೆದೇ ಇರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ಉಳಿದವಕ್ಕೆಲ್ಲ ಈಗ ಬೇರೆಬೇರೆ ಹೊಣೆಗಾರರಿದ್ದಾರೆ; ಒಂದು ವಾರ ಸದ್ದಿಲ್ಲದಿದ್ದರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಲೆಕ್ಕ ನೋಡುತ್ತಿರುವವರಿಗೂ ವಂದನೆಗಳು. ರಸೀದಿ ಇನ್ನೂ ಕಳಿಸದವರು ದಯವಿಟ್ಟು ಮೊತ್ತ, ದಿನಾಂಕ ಎರಡೂ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿ. ಥರ್ಮಲ್ ಕಾಗದದ ಅಕ್ಷರ ಜೇಬಿನಲ್ಲೇ ಮಾಸಿಹೋಗುತ್ತದೆ.